ಎಡಗಿವಿ ಮನೆಯದು

ಆ ದಿನ ಬೆಳಿಗ್ಗೆ ದಟ್ಟವಾದ ಮಂಜು ಇಳಿದಿತ್ತು. ಮೂರನೆಯ ಮಹಡಿಯ ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡ ನೆಲ ಮುಟ್ಟದೆ ಗಾಳಿಯಲ್ಲಿ ತೂಗುಹಾಕಿದಂತೆ ಕಾಣುತ್ತಿತ್ತು. ಬೀದಿ ಎಂಬುದು ಕಣ್ಣಿಗೆ ಇರಲಿಲ್ಲ, ಕಿವಿಗೆ ಮಾತ್ರ ಇತ್ತು. ಯಾರೋ ಅಂಗಡಿಯ ಷಟರ್ ಎತ್ತಿದರು. ಯಾರೋ ಕೆಮ್ಮಿದರು. ಸೈಕಲ್ಲೊಂದು ಕಿರುಗುಟ್ಟಿ ಕೆಳಗೆ ನಿಂತಿತು.

"ಬಂದ," ಎಂದಳು ಅಜ್ಜಿ, ಕುರ್ಚಿಯಲ್ಲಿ ಕೂತಲ್ಲಿಂದಲೇ. "ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ. ಮುಖದಲ್ಲೂ ಇರಲ್ಲ ನೋಡ್ತಿರು."

ಬಂದವನು ಅವಳ ಮಗ. ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು. ಊರು ಮಲಗಿರುವಾಗ ಎದ್ದು ಹೋಗಿ, ಊರು ಏಳುವಾಗ ಮನೆಗೆ ಬರುತ್ತಿದ್ದ. ಆದ್ದರಿಂದ ಊರು ರಾತ್ರಿಯ ಊಟಕ್ಕೆ ಕೂರುವ ಮೊದಲೇ ಅವನಿಗೆ ಮಲಗಬೇಕಿತ್ತು. ಒಳಗೆ ಬಂದವನ ಹುಬ್ಬಿನ ಮೇಲೆ ಹಿಟ್ಟು ಇನ್ನೂ ಇತ್ತು. ಕಂಕುಳಲ್ಲಿದ್ದ ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಜೇಬಿನಿಂದ ಇನ್ನೊಂದು ವಸ್ತು ತೆಗೆದು ಅದರ ಪಕ್ಕದಲ್ಲಿಟ್ಟ. ಅದು ಬನ್ನು. ಇದ್ದಿಲಿನ ಹಾಗೆ ಕಪ್ಪಾಗಿತ್ತು.

"ಇದೇನು?" ಎಂದಳು ಹೆಂಡತಿ.

"ನಿನ್ನೆ ಸಂಜೆಯ ಆಟದ ಬಹುಮಾನ. ಓವನ್ ಮುಂದೆ ನಿಂತಲ್ಲೇ ಕಣ್ಣು ಎಳೀತು. ಒಂದು ತಟ್ಟೆ ಪೂರ್ತಿ ಹೀಗಾಯ್ತು. ಮಾಲೀಕ ಬೈಲಿಲ್ಲ. ಒಂದನ್ನ ಎತ್ತಿ ನನ್ನ ಕೈಗೆ ಕೊಟ್ಟ. ಬೈದಿದ್ರೇ ಚೆನ್ನಾಗಿತ್ತು."

ಅಜ್ಜಿ ಆ ಬನ್ನನ್ನು ಎತ್ತಿ ಬೆರಳಿನಿಂದ ತಟ್ಟಿ ನೋಡಿದಳು. ಮುರಿದಳು. "ಒಳಗೆ ಚೆನ್ನಾಗೇ ಇದೆ," ಎಂದು ಒಂದು ತುಂಡು ಬಾಯಿಗೆ ಹಾಕಿಕೊಂಡಳು.

"ಅಮ್ಮಾ!"

"ತಿನ್ನೋದನ್ನ ಬಿಸಾಕಬೇಕಾ?"

ಹಿಂದಿನ ಸಂಜೆ ಆದದ್ದು ಇಷ್ಟು. ಅಜ್ಜಿ ಟಿವಿಗೆ ಜೋಡಿಸಿದ ಆಟದ ಪೆಟ್ಟಿಗೆಯಲ್ಲಿ ಆಡುತ್ತಿದ್ದಳು. ಮೊಮ್ಮಗಳು ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಅದೇ ಆಟವನ್ನು ಆಡುತ್ತಿದ್ದಳು. ಇಬ್ಬರೂ ಜೋಡಿ. ಅಜ್ಜಿಯ ಒಂದೇ ಕಿವಿಯ ಹೆಡ್‌ಸೆಟ್ಟಿನ ತಂತಿ ಟಿವಿಯಿಂದ ಕುರ್ಚಿಯವರೆಗೆ, ಅಂದರೆ ಅಡುಗೆಮನೆಯಿಂದ ಹೊರಬರುವ ದಾರಿಗೆ ಸರಿಯಾಗಿ ಅಡ್ಡ ಬಿದ್ದಿತ್ತು. ಸೊಸೆ ಸೂಪಿನ ಪಾತ್ರೆ ಹಿಡಿದು ಬಂದಳು, ಎಡವಿದಳು. ಪಾತ್ರೆ ಉರುಳಿತು, ಹೆಡ್‌ಸೆಟ್ಟು ಅಜ್ಜಿಯ ತಲೆಯಿಂದ ಹಾರಿ ಗೋಡೆಗೆ ಬಡಿದು ಎರಡು ತುಂಡಾಯಿತು. ತಂತಿ ಕಿತ್ತು ಬಂದದ್ದರಿಂದ ಅಲ್ಲಿಯವರೆಗೆ ಅಜ್ಜಿಯ ಕಿವಿಯೊಳಗೇ ನಡೆಯುತ್ತಿದ್ದ ಗುಂಡಿನ ಕಾಳಗ ಒಮ್ಮೆಲೇ ಟಿವಿಯ ಬಾಯಿಂದ ಮನೆಯ ತುಂಬ ಸ್ಫೋಟಿಸಿತು. ಆಗತಾನೇ ನಿದ್ದೆ ಹತ್ತಿದ್ದ ಮಗ ಚಡ್ಡಿಯಲ್ಲೇ ಎದ್ದು ಬಂದು ಸೂಪಿನಲ್ಲಿ ಕಾಲಿಟ್ಟ.

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕೊಡಲಿಲ್ಲ. ಎರಡು ಕೋಣೆಯ ಮನೆಯಲ್ಲಿ ನಾಲ್ಕು ಜನರಿದ್ದರೆ, ನಾಲ್ವರ ಸದ್ದನ್ನೂ ನಾಲ್ವರೂ ಹೊರಬೇಕು.

"ಇವತ್ತಿಂದ ಆಟ ಬಂದ್," ಎಂದ ಮಗ.

"ಅಪ್ಪಾ, ಮುಂದಿನ ತಿಂಗಳು ಜೋಡಿ ಪಂದ್ಯ ಇದೆ," ಮೊಮ್ಮಗಳು ಹಲ್ಲುಜ್ಜುವ ಬ್ರಷ್ಷನ್ನು ಬಾಯಿಂದ ತೆಗೆಯದೆಯೇ ಹೇಳಿದಳು. "ಹೆಸರು ಕೊಟ್ಟಾಗಿದೆ. ನಾನು, ಅಜ್ಜಿ."

"ನಿನ್ನ ವಯಸ್ಸಿನವರ್ಯಾರೂ ಸಿಗ್ಲಿಲ್ವಾ?"

"ಅಜ್ಜಿ ಹಾಗೆ ಕೇಳಿ ಹೇಳೋರು ಯಾರೂ ಇಲ್ಲಪ್ಪ."

ಅದು ಸುಳ್ಳಲ್ಲ. ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮದುವೆಗೆ ಮೊದಲು ಸೇರಿದ ಕೆಲಸ. ತಲೆ ನರೆಯುವವರೆಗೆ ಮಾಡಿದಳು. ಎಲ್ಲವನ್ನೂ ಯಂತ್ರವೇ ಮಾಡುವ ಕಾಲ ಬಂದಾಗ ಅವಳಿಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಆಮೇಲೆ ಎಷ್ಟೋ ವರ್ಷ ಅವಳ ದನಿಗಾಗಿ ಯಾರೂ ಕಾಯಲಿಲ್ಲ. ಈಗ ಕಾಯುತ್ತಿದ್ದರು. ಆಟ ನಡೆಯುವುದು ಮಂಜು ಕವಿದ ಒಂದು ದ್ವೀಪದಲ್ಲಿ. ಕಣ್ಣಿಗೆ ಹೆಚ್ಚು ಕಾಣುವುದಿಲ್ಲ. ಹೆಜ್ಜೆ ಸದ್ದು ಕೇಳಿ ಶತ್ರು ಎಲ್ಲಿದ್ದಾನೆಂದು ತಿಳಿಯಬೇಕು. ಕೇಳಿ ಹೇಳುವುದು ಅಜ್ಜಿ, ಹೊಡೆಯುವುದು ಮೊಮ್ಮಗಳು. "ಎರಡನೇ ಮನೆ, ಮೆಟ್ಟಿಲು, ಇಬ್ಬರು," ಎಂದು ಅಜ್ಜಿ ಹೇಳುವ ರೀತಿಯಲ್ಲಿ ಅವಸರವೂ ಇರುತ್ತಿರಲಿಲ್ಲ, ತಡವೂ ಇರುತ್ತಿರಲಿಲ್ಲ. ಆಟದಲ್ಲಿ ಅವಳು ಇಟ್ಟುಕೊಂಡ ಹೆಸರು 'ಟ್ರಂಕ್‌ಕಾಲ್'.

ಅಜ್ಜಿ ಬನ್ನಿನ ಕೊನೆಯ ತುಂಡು ನುಂಗಿ ಮಗನನ್ನು ನೋಡಿದಳು. "ನೀನು ನಿದ್ದೆ ಮಾಡಬೇಕು. ನಾನು ಆಡಬೇಕು. ಎರಡೂ ಆಗೋ ಹಾಗೆ ಮಾಡಿದ್ರೆ?"

"ಹೇಗೆ?"

"ತಂತಿ ಇಲ್ಲದ್ದು ಬರುತ್ತಂತೆ."

ಮಗ ತನ್ನ ಬೂಟು ಬಿಚ್ಚುತ್ತ ಯೋಚಿಸಿದ. ಬೇಕರಿಯ ಜಾರುವ ನೆಲಕ್ಕೆಂದು ಕೊಂಡ, ವರ್ಷಗಟ್ಟಲೆ ಬರುವ ದಪ್ಪ ಅಡಿಯ ಬೂಟು. ಈ ಮನೆಯಲ್ಲಿ ಒಬ್ಬರ ಮೈಮೇಲೆ ಹಾಕಿದ ಅತಿ ಹೆಚ್ಚಿನ ದುಡ್ಡು ಅದೇ.

"ಇದರ ಬೆಲೆ ದಾಟಬಾರದು," ಎಂದು ಒಂದು ಬೂಟನ್ನು ಎತ್ತಿ ತೋರಿಸಿದ. "ಅದು ಬರೋವರೆಗೆ ಆಟ ಇಲ್ಲ. ಬಂದ ಮೇಲೂ ನನ್ನ ಕಿವಿಗೆ ಒಂದು ಗುಂಡಿನ ಸದ್ದು ಬಿತ್ತೋ, ಆ ಪೆಟ್ಟಿಗೇನ ಓವನ್‌ಗೆ ಹಾಕ್ತೀನಿ."

"ಒಳಗೆ ಚೆನ್ನಾಗಿ ಬೇಯುತ್ತೆ," ಎಂದಳು ಅಜ್ಜಿ.

ರಜೆಯ ದಿನ ಮೂವರು ಹೆಂಗಸರೂ ಅಂಗಡಿಗೆ ಹೋದರು. ಸೊಸೆ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವವಳು. ದಿನವಿಡೀ ನಿಂತು ಜನರ ಮೂಗು, ಕಿವಿಯ ಹಿಂಬದಿ ನೋಡುವುದೇ ಅವಳ ಕೆಲಸ. "ಅತ್ತೆ ಕನ್ನಡಕ ಹಾಕ್ತಾರೆ. ಕಡ್ಡಿ ಮೇಲೆ ಒತ್ತಬಾರದು," ಎಂದು ಅವಳು ದಾರಿಯಲ್ಲೇ ಷರತ್ತು ಹಾಕಿದಳು. ಸದ್ದು ಎಡ ಬಲ ಸರಿಯಾಗಿ ಒಡೆದು ಬರಬೇಕು ಎಂಬುದು ಮೊಮ್ಮಗಳ ಷರತ್ತು.

"ನಂದೇನೂ ಇಲ್ಲ," ಎಂದಳು ಅಜ್ಜಿ. "ತಲೆ ಮೇಲೆ ಏನೋ ಇದೆ ಅನ್ನೋದು ಮರೆತುಹೋಗಬೇಕು, ಅಷ್ಟೇ."

ಅಂಗಡಿಯ ಹುರಿಮೀಸೆಯವನು ಮೊದಲು ಇಳಿಸಿದ್ದು ದೊಡ್ಡದೊಂದನ್ನು. ಒತ್ತಿದರೆ ಎರಡೂ ಕಡೆ ಬಣ್ಣಬಣ್ಣದ ದೀಪ ಹತ್ತುತ್ತಿತ್ತು.

"ಇದು ಬಹಳ ಓಡ್ತಾ ಇದೆ ಅಮ್ಮ. ದೀಪ ನೋಡಿ."

"ದೀಪ ನನ್ನ ಕಿವಿ ಹೊರಗಿದ್ರೆ ನನಗೇನಪ್ಪ ಕಾಣುತ್ತೆ? ಪಕ್ಕದವರಿಗೆ ಬೆಳಕು ಕೊಡೋಕೆ ನಾನೇನು ಬೀದಿ ಕಂಬವಾ?"

ಅದನ್ನು ಅತ್ತೆಯ ತಲೆಗಿಟ್ಟು ನೋಡಿದ ಸೊಸೆ, ಕಿವಿಯ ಹಿಂದೆ ಹೆಬ್ಬೆರಳು ತೂರಿಸಿ ತಲೆಯಾಡಿಸಿದಳು. "ಭಾರ. ಕುತ್ತಿಗೆ ಇಳಿಯುತ್ತೆ." ಅವಳ ಕಣ್ಣು ಬಿದ್ದದ್ದು ಎರಡನೆಯದರ ಮೇಲೆ. ಹಗುರ, ಬೆಣ್ಣೆಯಂಥ ಮೆತ್ತೆ, ಬೆಲೆಯೂ ಬೂಟಿಗಿಂತ ಬಹಳ ಕೆಳಗೆ.

"ಅಮ್ಮ, ಅದು ಬ್ಲೂಟೂತಿಂದು," ಎಂದಳು ಮಗಳು. "ಹಾಡು ಕೇಳೋಕೆ ಸರಿ. ಆಟಕ್ಕೆ ಸದ್ದು ತಡವಾಗಿ ಬರುತ್ತೆ."

"ಎಷ್ಟು ತಡ? ನಮ್ಮ ಬಸ್ಸಿನಷ್ಟಾ?"

"ರೆಪ್ಪೆ ಬಡಿಯೋಷ್ಟು."

"ಅಷ್ಟಕ್ಕೆ ಯಾರು ಸಾಯ್ತಾರೆ?"

"ಆಟದಲ್ಲಿ ಅಷ್ಟಕ್ಕೇ ಅಮ್ಮ ಸಾಯೋದು."

"ನಿಂದೆಲ್ಲಾ ಅತಿ. ಅತ್ತೆ, ನೀವು ಹೇಳಿ, ಹೇಗಿದೆ?"

"ಮೋಡ ಹೊತ್ತ ಹಾಗಿದೆ," ಎಂದಳು ಅಜ್ಜಿ. ಒಂದು ವಾರದೊಳಗೆ ಹಿಂದೆ ತಂದರೆ ಬದಲಿಸಿಕೊಡುತ್ತೇನೆಂದ ಹುರಿಮೀಸೆಯವನು. ಮೋಡ ಮನೆಗೆ ಬಂತು.

ಮೊಮ್ಮಗಳು ಹೇಳಿದ್ದೇ ಆಯಿತು. ದ್ವೀಪದಲ್ಲಿ ಅಜ್ಜಿ ಬಿದ್ದ ಮೇಲೆ ಗುಂಡಿನ ಸದ್ದು ಬರುತ್ತಿತ್ತು.

"ಹಳೇ ದೂರದ ಲೈನಿನ ಹಾಗೇ ಇದೆ," ಎಂದು ಅಜ್ಜಿ ನಕ್ಕಳು. "ಆ ಕಡೆಯೋರು ನಕ್ಕಿದ್ದು, ಈ ಕಡೆಯೋರು ಅಳೋಕೆ ಶುರುಮಾಡಿದ ಮೇಲೆ ಬಂದು ಮುಟ್ತಿತ್ತು."

"ನಾನು ಅಂಗಡೀಲೇ ಹೇಳಿದ್ದೆ ಅಲ್ವಾ?"

"ಹೇಳಿದ್ದೆ ತಾಯಿ, ಹೇಳಿದ್ದೆ," ಎಂದಳು ಸೊಸೆ, ತಟ್ಟೆಗಳನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲಿಡುತ್ತ. "ಅವರಿಗೆ ತಲೆನೋವು ಬರಬಾರದು ಅಂತ ನೋಡಿದ್ದು ನನ್ನ ತಪ್ಪು."

"ಶ್!" ಎಂದಿತು ಒಳಕೋಣೆ. ಮೂವರೂ ಬಾಯಿ ಮುಚ್ಚಿಕೊಂಡು ಆಲೂಗಡ್ಡೆ ತಿಂದರು.

ಎರಡನೆಯ ಸಲ ಹೋದಾಗ ಹುರಿಮೀಸೆಯವನು ಕೆಳಗಿನ ಕಪಾಟಿನಿಂದ ಹರಿದ ಡಬ್ಬಿಯೊಂದನ್ನು ತೆಗೆದ. ಹೋದ ವರ್ಷದ ಮಾಲು. ಕಪ್ಪು ಬಣ್ಣ, ದೀಪಗೀಪ ಇಲ್ಲ, ಕಿವಿಗೆ ಬಟ್ಟೆಯ ಮೆತ್ತೆ. ಜೊತೆಗೆ ಬೆರಳಿನ ಉಗುರಿನಷ್ಟು ಪುಟ್ಟ ರಿಸೀವರ್. ಅದನ್ನು ಆಟದ ಪೆಟ್ಟಿಗೆಗೆ ಚುಚ್ಚಿದರೆ ಸದ್ದು ತಡವಿಲ್ಲದೆ ಬರುತ್ತದೆ ಎಂದ. ಮೊಮ್ಮಗಳು ಹೌದೆಂದು ತಲೆಯಾಡಿಸಿದಳು. ಸೊಸೆ ಹೆಬ್ಬೆರಳು ತೂರಿಸಿದಳು. ಮೂಳೆಯ ಮೇಲೆ ಒತ್ತುತ್ತಿರಲಿಲ್ಲ. ಅಷ್ಟರಲ್ಲಿ ಬೇರೆ ಗಿರಾಕಿಗಳು ಬಂದರು. ಅಜ್ಜಿ ಅದನ್ನು ಹಾಕಿಕೊಂಡೇ ಮೂಲೆಯ ಸ್ಟೂಲಿನ ಮೇಲೆ ಕೂತಳು. ಅವರು ಬಂದರು, ಕೊಂಡರು, ಹೋದರು. ಅಂಗಡಿಯವನು ಚಹಾ ತರಿಸಿದ, ಅಜ್ಜಿಯೂ ಕುಡಿದಳು.

"ಹೊರಡೋಣ, ನಡೀರಿ," ಎಂದು ಎದ್ದು, ಬಾಗಿಲವರೆಗೆ ಹೋದಳು.

"ಅಮ್ಮಾ, ತಲೆ ಮೇಲಿರೋದು..." ಎಂದ ಹುರಿಮೀಸೆಯವನು.

ಅಜ್ಜಿ ತಲೆ ಮುಟ್ಟಿ ನೋಡಿಕೊಂಡಳು. "ಮರೆತೇಹೋಗಿತ್ತು. ಇದೇ ಇರಲಿ."

ಸೊಸೆ ಡಬ್ಬಿಯ ಹರಿದ ಮೂಲೆಯನ್ನು ಎತ್ತಿ ಹಿಡಿದು ಚೌಕಾಸಿಗೆ ನಿಂತಳು. ಕೊನೆಗೆ ಬಂದು ನಿಂತ ಬೆಲೆ, ಬೂಟಿನದಕ್ಕಿಂತ ಒಂದು ಜೊತೆ ಲೇಸಿನಷ್ಟು ಕಡಿಮೆ.

ಎಲ್ಲ ಸರಿಹೋಯಿತು ಎಂದುಕೊಂಡರು. ತಂತಿ ಇಲ್ಲ, ತಡ ಇಲ್ಲ, ಒಳಕೋಣೆಯಲ್ಲಿ ಮಗನ ಗೊರಕೆ. ಒಂದೇ ಕೋಣೆಯಲ್ಲಿ ಎರಡು ಮಾರು ದೂರ ಕೂತ ಅಜ್ಜಿ ಮೊಮ್ಮಗಳು ಮೈಕಿನಲ್ಲಿ ಪಿಸುಗುಟ್ಟಿಕೊಂಡು ಆಡಿದರು. ಸೊಸೆ ಅಡುಗೆಮನೆಯ ಕಿಟಕಿಯಲ್ಲಿದ್ದ ಪುಟ್ಟ ರೇಡಿಯೋ ಹಾಕಿಕೊಂಡು, ಎಂದಿನಂತೆ ಹಳೆಯ ಹಾಡಿನ ಆ ಒಂದು ಗಂಟೆ ಕೇಳುತ್ತ ಅಡುಗೆ ಮಾಡಿದಳು. ಇಡೀ ದಿನ ನಿಂತು ಬಂದವಳಿಗೆ ತನ್ನದು ಅಂತ ಇದ್ದದ್ದು ಆ ಗಂಟೆಯೊಂದೇ.

ಆದರೆ ಅಜ್ಜಿ ಸಾಯುತ್ತಿದ್ದಳು. ಅದೂ ಎಡಗಡೆಯಿಂದ.

"ಅಜ್ಜಿ, ಎಡಕ್ಕೆ ಇದ್ದ! ಬಾಗಿಲ ಪಕ್ಕದಲ್ಲೇ! ಕೇಳಲಿಲ್ವಾ?"

"ಇಲ್ಲವೇ ಗುಬ್ಬಿ. ಸದ್ದೇ ಬರಲಿಲ್ಲ."

ಮರುದಿನವೂ ಎಡ. ಅದರ ಮರುದಿನವೂ. ಹೆಡ್‌ಸೆಟ್ಟೇ ಕೆಟ್ಟಿರಬೇಕೆಂದು ಮೊಮ್ಮಗಳು ತಾನು ಹಾಕಿಕೊಂಡು ನೋಡಿದಳು. ಎರಡೂ ಕಡೆ ಚೆನ್ನಾಗಿ ಕೇಳಿಸಿತು. ಆಮೇಲೆ ಅಜ್ಜಿಯ ತಲೆಗೆ ತಿರುಗಿಸಿ, ಎಡದ್ದು ಬಲಕ್ಕೆ ಬರುವಂತೆ ಇಟ್ಟಳು. ಈಗ ಎಡಗಡೆಯ ಸದ್ದು ಅಜ್ಜಿಯ ಬಲಗಿವಿಗೆ ಬಂತು. ಶತ್ರು ಬಲಗಡೆಯಿಂದ ಬಂದು ಹೊಡೆದ. ಅಂದರೆ ಕೆಟ್ಟಿರುವುದು ಹೆಡ್‌ಸೆಟ್ಟಲ್ಲ.

ಪಂದ್ಯ ಹತ್ತಿರ ಬರುತ್ತಿತ್ತು. ಒಂದು ಸಂಜೆ ಸತತವಾಗಿ ಸೋತ ಮೇಲೆ ಮೊಮ್ಮಗಳು ಇಯರ್‌ಫೋನ್ ಕಿತ್ತಿಟ್ಟಳು.

"ಅಜ್ಜಿ, ಬೇಜಾರು ಮಾಡ್ಕೋಬೇಡ. ಪಂದ್ಯಕ್ಕೆ ಕೆಳಗಿನ ಮನೆಯವಳನ್ನ ಕರ್ಕೊಳ್ಳಾ? ಹೆಸರು ಬದಲಾಯಿಸೋಕೆ ಇನ್ನೂ ಟೈಮಿದೆ."

"ಅವಳು ಚೆನ್ನಾಗಿ ಆಡ್ತಾಳಾ?"

"ಸುಮಾರಾಗಿ."

"ಸರಿ," ಎಂದಳು ಅಜ್ಜಿ. ಹೆಡ್‌ಸೆಟ್ಟನ್ನು ಮಡಿಲಲ್ಲಿಟ್ಟು, ಅದರ ಬಟ್ಟೆಯ ಮೆತ್ತೆಯ ಮೇಲಿದ್ದ ಒಂದು ಬಿಳಿ ಕೂದಲನ್ನು ತೆಗೆದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಯಾರೂ ಕೇಳದಿದ್ದರೂ ಈರುಳ್ಳಿ ಹೆಚ್ಚತೊಡಗಿದಳು. ಸೊಸೆ ರೇಡಿಯೋದ ಸದ್ದು ಸ್ವಲ್ಪ ತಗ್ಗಿಸಿದಳು.

"ಕಣ್ಣು ಉರಿಯುತ್ತೆ ಅತ್ತೆ, ಬಿಡಿ."

"ಈರುಳ್ಳಿಗೆ ಉರೀದೆ ಇನ್ಯಾತಕ್ಕೆ ಉರೀಬೇಕು?"

ಬೆಳಗಿನ ತಿಂಡಿಯ ಹೊತ್ತಿಗೆ ಸುದ್ದಿ ಮಗನಿಗೆ ಮುಟ್ಟಿತು. ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಕಿವಿ ಡಾಕ್ಟರ್‌ಗೆ ತೋರಿಸೋಣಮ್ಮ," ಎಂದ.

"ಯಾರ ಕಿವಿಗೆ? ನಿನ್ನ ಸೈಕಲ್ಲಿನ ಗಾಳಿ ಎಷ್ಟಿದೆ ಅಂತ ಮೂರನೇ ಮಹಡೀಲಿ ಕೂತು ಹೇಳೋಳಿಗಾ?"

"ಬಲಗಿವಿಯಿಂದ ಕೇಳಿರ್ತೀಯ."

"ಹೌದೌದು. ಬಲಗಿವಿಯಿಂದ ಹಿಂದಿನ ಚಕ್ರ, ಎಡಗಿವಿಯಿಂದ ಮುಂದಿನ ಚಕ್ರ."

"ಅಮ್ಮಾ, ತೋರಿಸಿದ್ರೆ ಏನು ಹೋಗುತ್ತೆ? ಚೆನ್ನಾಗಿದೆ ಅಂದ್ರೆ ನನ್ನನ್ನ ಬೈಯೋಕೆ ಒಂದು ಕಾರಣ ಸಿಗುತ್ತೆ."

ಆ ಆಸೆಗೆ ಅಜ್ಜಿ ಒಪ್ಪಿದಳು. ಕೆಲಸ ಮುಗಿಸಿ ಬಂದವನೇ ಮಲಗದೆ ಮಗ ಅವಳನ್ನು ಕರೆದೊಯ್ದ. ಗಾಜಿನ ಸಣ್ಣ ಕೋಣೆಯಲ್ಲಿ ಅಜ್ಜಿಯನ್ನು ಕೂರಿಸಿ, ಪರೀಕ್ಷೆ ಮಾಡುವ ಹುಡುಗಿ ಅವಳ ತಲೆಗೆ ದಪ್ಪನೆಯ ಹೆಡ್‌ಸೆಟ್ಟು ಹಾಕಿದಳು. "ಕೈ ಎರಡೂ ಮಡಿಲಲ್ಲಿ ಇಟ್ಕೊಳ್ಳಿ. ಇದನ್ನ ಮುಟ್ಟಬೇಡಿ. ಸದ್ದು ಕೇಳಿದಾಗ ಬೆರಳು ಮಾತ್ರ ಎತ್ತಿ." ಅಜ್ಜಿ ಕಣ್ಣು ಮುಚ್ಚಿಕೊಂಡಳು. ಗಾಜಿನಾಚೆ ನಿಂತ ಮಗ, ತಾಯಿಯ ಬೆರಳು ಒಂದೊಂದಾಗಿ ಏಳುವುದನ್ನು ಉಸಿರು ಹಿಡಿದು ನೋಡುತ್ತಿದ್ದ.

"ನಿಮ್ಮ ವಯಸ್ಸಿಗೆ ಎರಡೂ ತುಂಬಾ ಚೆನ್ನಾಗಿವೆ," ಎಂದಳು ಹುಡುಗಿ. "ಎಡಗಡೆಯದೇ ಒಂದು ಕೂದಲೆಳೆ ಮೇಲು."

ಅಜ್ಜಿ ಮಗನನ್ನು ಬೈಯಲು ಬಸ್ಸಿನವರೆಗೆ ಕಾದಳು. ಆದರೆ ಬಸ್ಸು ಹೊರಡುವ ಮೊದಲೇ ಅವನ ತಲೆ ಅವಳ ಭುಜಕ್ಕೆ ಬಂದಿತ್ತು. ಟಿಕೆಟ್ಟಿನವನು "ಎಲ್ಲಿಗೆ?" ಎಂದು ಗಟ್ಟಿಯಾಗಿ ಕೇಳಿದಾಗ ಅಜ್ಜಿ ತುಟಿಯ ಮೇಲೆ ಬೆರಳಿಟ್ಟು, ತಮ್ಮ ನಿಲ್ದಾಣದ ಹೆಸರನ್ನು ಪಿಸುಮಾತಿನಲ್ಲಿ ಹೇಳಿದಳು. ದಾರಿಯುದ್ದಕ್ಕೂ ಭುಜ ಅಲ್ಲಾಡಿಸಲಿಲ್ಲ.

ಕಿವಿ ಸರಿ, ಹೆಡ್‌ಸೆಟ್ಟು ಸರಿ, ಆದರೂ ಎಡಗಡೆ ಸಾವು. "ಹಾಗಾದ್ರೆ ಇನ್ನೇನು, ದೆವ್ವವಾ?" ಎಂದಳು ಮೊಮ್ಮಗಳು. ಹೆಸರು ಬದಲಿಸುವ ಕೊನೆಯ ದಿನ ನಾಳೆಯೇ ಇತ್ತು. "ಇವತ್ತೊಂದು ಸಲ ಆಡೋಣ ಅಜ್ಜಿ. ಇವತ್ತೂ ಹೀಗೇ ಆದ್ರೆ..."

"ಆದ್ರೆ ಕೆಳಗಿನ ಮನೆಯವಳು. ಗೊತ್ತು. ಹಾಕು."

ಆ ಸಂಜೆ ಸೊಸೆ ಒಣಗಿದ ಬಟ್ಟೆಯ ರಾಶಿ ಹೊತ್ತು ಟಿವಿಯ ಪಕ್ಕದ ಮಂಚಕ್ಕೆ ಬಂದಳು. ಮಡಿಸುತ್ತ ತಲೆ ಎತ್ತಿದಳು. ಜನರ ಕಿವಿ ನೋಡಿ ನೋಡಿ ಪಳಗಿದ ಕಣ್ಣು, ಸುಮ್ಮನೆ ಅತ್ತೆಯ ಕಿವಿಯ ಮೇಲೆ ಹೋಗಿ ಕೂತಿತು. ಆಟ ಶುರುವಾಯಿತು. ಅಜ್ಜಿ ಎರಡೂ ಕಿವಿಗೆ ಹೆಡ್‌ಸೆಟ್ಟು ಹಾಕಿ, ಒಂದು ಕ್ಷಣ ಕಣ್ಣು ಮುಚ್ಚಿ, ಹಿಂದೆ ಸ್ವಿಚ್‌ಬೋರ್ಡಿನ ಮುಂದೆ ಕೂರುವಾಗ ಮಾಡುತ್ತಿದ್ದಂತೆ ದೇವರನ್ನು ನೆನೆದಳು. ಕಣ್ಣು ತೆರೆದಳು. ಆಮೇಲೆ ಅವಳ ಎಡಗೈ ತನ್ನಷ್ಟಕ್ಕೆ ಮೇಲೆದ್ದು, ಎಡಗಡೆಯ ಮೆತ್ತೆಯನ್ನು ಹಿಡಿದು, ಕಿವಿಯ ಹಿಂದಕ್ಕೆ ನಯವಾಗಿ ಸರಿಸಿಟ್ಟು, ಮತ್ತೆ ಕೆಳಗಿಳಿಯಿತು.

ಸೊಸೆಯ ಕೈಯಲ್ಲಿದ್ದ ಲಂಗ ಅಲ್ಲೇ ನಿಂತಿತು.

"ಅತ್ತೆ."

"ಮಾತಾಡಿಸಬೇಡ, ಆಟದಲ್ಲಿದೀನಿ."

"ಅತ್ತೆ, ನಿಮ್ಮ ಎಡಗಿವಿ ಹೊರಗಿದೆ."

"ಏನು ಹೊರಗಿದೆ?"

"ನೀವೇ ಸರಿಸಿದ್ರಿ. ಈಗ. ನಾನು ನೋಡಿದೆ."

"ನಾನಾ? ನಾನ್ಯಾಕೆ ಸರಿಸಲಿ?" ಎಂದು ಅಜ್ಜಿ ಕೈಯಿಟ್ಟು ನೋಡಿಕೊಂಡಳು. ಕಿವಿ ಬರಿದಾಗಿತ್ತು. ದ್ವೀಪದಲ್ಲಿ ಯಾರೋ ಎಡಗಡೆಯಿಂದ ಬಂದು ಅವಳನ್ನು ಹೊಡೆದುಹಾಕಿದರು.

ಮೊಮ್ಮಗಳು ಎದ್ದು ಬಂದು ಅಜ್ಜಿಯ ಮುಂದೆ ಮಂಡಿಯೂರಿ ಕೂತಳು. "ಇನ್ನೊಂದು ಸಲ ಆಡು. ನಾನು ನೋಡ್ತೀನಿ."

ಮತ್ತೆ ಅದೇ. ಕೈ ಏಳುವುದು ಅಜ್ಜಿಗೆ ಗೊತ್ತೇ ಆಗುತ್ತಿರಲಿಲ್ಲ. ಹುಡುಗಿ ಬಿದ್ದು ಬಿದ್ದು ನಕ್ಕಳು, ಬಾಯಿಗೆ ಲಂಗ ತುರುಕಿಕೊಂಡು, ಒಳಗಿನವರು ಏಳದ ಹಾಗೆ.

ಅಜ್ಜಿ ನಗಲಿಲ್ಲ. ಕೈಯನ್ನು ಮುಂದೆ ಹಿಡಿದು, ಬೇರೆ ಯಾರದೋ ಎಂಬಂತೆ ನೋಡಿದಳು. "ಎಕ್ಸ್‌ಚೇಂಜಲ್ಲೂ ನಮಗೆ ಕೊಡ್ತಿದ್ದದ್ದು ಒಂದೇ ಕಿವಿದು, ಮುರಿದುಹೋಯ್ತಲ್ಲ, ಅದರ ಹಾಗೆ," ಎಂದಳು ನಿಧಾನವಾಗಿ. "ಬಲಗಿವಿ ಲೈನಿಗೆ. ಎಡಗಿವಿ ಸೂಪರ್‌ವೈಸರ್‌ಗೆ. ಅವಳು ಹಿಂದೆ ನಿಂತು ಕರೀತಿದ್ಲು. ಕೇಳಲಿಲ್ಲ ಅಂದ್ರೆ ಆ ದಿನದ ಚಹಾ ಬಿಡುವು ಹೋಯ್ತು."

"ಸೂಪರ್‌ವೈಸರ್ ಈಗ ಎಲ್ಲಿದಾಳೆ ಅಜ್ಜಿ?"

"ಅವಳು ದೇವರ ಹತ್ರ ಹೋಗಿ ಯಾವ ಕಾಲವಾಯ್ತು. ಈಗ ಎಡಗಿವಿ ಮನೇದು. ಒಲೆ ಮೇಲೆ ಏನಿದೆ, ನಲ್ಲಿ ನಿಂತಿದೆಯಾ, ಒಳಗೆ ಅವನು ಕೆಮ್ಮಿದನಾ..."

ಮೊಮ್ಮಗಳಿಗೆ ಉಪಾಯಗಳು ಒಂದರ ಹಿಂದೊಂದು ಹೊಳೆದವು. ಮೆತ್ತೆಯ ಮೇಲಿಂದ ಸ್ಕಾರ್ಫು ಕಟ್ಟಿದಳು. ಹಲ್ಲುನೋವಿನವಳಂತೆ ಕೂತ ಅಜ್ಜಿ, ಮೆತ್ತೆ ಸರಿಸಲಾಗದೆ, ಆಟದ ನಡುವೆಯೇ ಎದ್ದು ಒಲೆ ನೋಡಿ ಬಂದಳು. ಮತ್ತೆ ಕೂತಳು. ಮತ್ತೆ ಎದ್ದು ಒಳಕೋಣೆಗೆ ಇಣುಕಿದಳು. ಟ್ರಂಕ್‌ಕಾಲ್ ಇಲ್ಲದ ದ್ವೀಪದಲ್ಲಿ ಮೊಮ್ಮಗಳು ಒಂಟಿಯಾಗಿ ಸತ್ತಳು.

"ಆಗಲ್ಲ ಗುಬ್ಬಿ," ಎಂದು ಅಜ್ಜಿ ಸ್ಕಾರ್ಫಿನ ಗಂಟು ಬಿಚ್ಚಿದಳು. "ಎರಡೂ ಕಿವಿ ಮುಚ್ಚಿದ್ರೆ ಮನೆ ಕೈಬಿಟ್ಟ ಹಾಗಾಗುತ್ತೆ. ನಾಳೆ ಆ ಹುಡುಗಿ ಹೆಸರು ಕೊಟ್ಬಿಡು. ಆಟ ತಾನೇ."

ಆಟ ತಾನೇ ಎಂದು ಅವಳು ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಮೊದಲು ಕೇಳಿರಲಿಲ್ಲ.

ಸೊಸೆ ಮಡಿಸಿದ ಬಟ್ಟೆಯನ್ನು ಬದಿಗಿಟ್ಟಳು. ಅಡುಗೆಮನೆಗೆ ಹೋದಳು. ರೇಡಿಯೋದಲ್ಲಿ ಹಾಡೊಂದು ಅರ್ಧ ಆಗಿತ್ತು. ಅದನ್ನು ಆರಿಸಿ ಬಂದಳು.

"ಅತ್ತೆ, ಆ ಒಂದು ಗಂಟೆ ಮನೆ ನಾನು ಕೇಳಿಸ್ಕೋತೀನಿ."

"ನೀನಾ?" ಅಜ್ಜಿಯ ದನಿಯಲ್ಲಿ ಹಳೆಯ ಖಾರ ಬಂತು. "ಹಾಲು ಉಕ್ಕಿ ಒಲೆ ಆರಿದ ಮೇಲೆ ವಾಸನೆಗೆ ಓಡಿ ಬರೋಳು ನೀನು. ನಿನಗೇನಮ್ಮ ಕೇಳಿಸುತ್ತೆ?"

"ಕೇಳಿಸುತ್ತೆ. ನೀವು ಕೇಳಿಸ್ಕೊಳ್ತಿದ್ರಿ ಅಂತ ನಾನು ಸುಮ್ಮನಿರ್ತಿದ್ದೆ."

ಮೊಮ್ಮಗಳು ಇಬ್ಬರ ಮುಖವನ್ನೂ ನೋಡಿದಳು.

"ಸರಿ, ಹೇಳು," ಎಂದಳು ಅಜ್ಜಿ. "ಈಗ ಏನಾಗ್ತಿದೆ?"

ಸೊಸೆ ನಿಂತಲ್ಲೇ ನಿಂತು ತಲೆಯನ್ನು ತುಸು ವಾಲಿಸಿದಳು. "ಬಚ್ಚಲ ನಲ್ಲಿ ತೊಟ್ಟಿಕ್ತಿದೆ. ಅವರು ಈಗ ಗೋಡೆ ಕಡೆ ಮಗ್ಗುಲಾದ್ರು. ಕೆಳಗಿನ ಮನೇಲಿ ಕುರ್ಚಿ ಎಳೆದ್ರು. ಮೆಟ್ಟಿಲ ಮೇಲೆ ಯಾರೋ ಬರ್ತಿದಾರೆ. ನಮ್ಮ ಮನೆಗಲ್ಲ, ಚಪ್ಪಲಿ ಎಳೀತಿದಾರೆ, ಮೇಲಿನ ಮನೆ ಮುದುಕರು."

"ಅನ್ನ?"

"ಕುದೀತಿದೆ. ಮುಚ್ಚಳ ಓರೆ ಮಾಡಿಟ್ಟಿದೀನಿ."

ಅಜ್ಜಿ ಅವಳನ್ನೇ ನೋಡಿದಳು. ಅವಳು ಸೊಸೆಯಾಗಿ ಬಂದು ಗುಬ್ಬಿಯ ವಯಸ್ಸಿಗಿಂತ ಹೆಚ್ಚು ಕಾಲವಾಗಿತ್ತು. ಆಮೇಲೆ ಹೆಡ್‌ಸೆಟ್ಟು ಎತ್ತಿ, ಎರಡೂ ಮೆತ್ತೆಗಳನ್ನು ಎರಡೂ ಕಿವಿಗಳ ಮೇಲೆ ಇಟ್ಟುಕೊಂಡಳು. ಕೈ ಒಮ್ಮೆ ಮೇಲೆದ್ದಿತು. ಅರ್ಧ ದಾರಿಯಲ್ಲಿ ಸೊಸೆಯ ಮುಖ ಕಂಡು ಕೆಳಗಿಳಿಯಿತು.

ಪಂದ್ಯದ ಪಟ್ಟಿಯಲ್ಲಿ ಹೆಸರು ಬದಲಾಗಲಿಲ್ಲ.

ಅಂದಿನಿಂದ ಪ್ರತಿ ಸಂಜೆ ರೇಡಿಯೋ ಸುಮ್ಮನಿತ್ತು. ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು, ಬಟಾಣಿ ಬಿಡಿಸುತ್ತಲೋ ಗುಂಡಿ ಹೊಲಿಯುತ್ತಲೋ ಮನೆಯನ್ನು ಕಾದಳು. ಅಜ್ಜಿಯ ಕೈ ಏಳುವುದು ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. "ಎರಡೂ ಕಿವೀಲಿ ಈ ದ್ವೀಪ ಎಷ್ಟು ದೊಡ್ಡದಿದೆಯೇ!" ಎಂದು ಅವಳು ಬೆರಗಾಗುತ್ತಿದ್ದಳು. "ನಾನು ಅರ್ಧ ಊರಲ್ಲೇ ಓಡಾಡ್ತಿದ್ದೆ."

ಪಂದ್ಯದ ಸಂಜೆ ಮಗ ಎಂದಿನಂತೆ ಮಲಗಿದ. ಎಲ್ಲ ಜೋಡಿಗಳೂ ಅವರವರ ಮನೆಯಿಂದಲೇ ಆಡುವುದು. ಒಂದಾದ ಮೇಲೊಂದು ಸುತ್ತು. ಅಜ್ಜಿಯ ಪಿಸುಮಾತು ಮಾತ್ರ ಕೋಣೆಯಲ್ಲಿ ಆಡುತ್ತಿತ್ತು: "ಬಾವಿ ಹಿಂದೆ, ಒಬ್ಬ. ಕಾಯಿ. ಈಗ." ಕೊನೆಯ ಸುತ್ತಿನ ಹೊತ್ತಿಗೆ ಮನೆಯಲ್ಲಿ ಮೂರು ಸಂಗತಿ ಒಟ್ಟಿಗೆ ನಡೆದವು. ಹಾಲು ಉಕ್ಕಲು ಮೇಲೆ ಬಂತು. ಬಾಗಿಲನ್ನು ಯಾರೋ ತಟ್ಟಿದರು. ಒಳಗೆ ಮಗ ಕೆಮ್ಮಿ ನೀರು ಕೇಳಿದ. ಸೊಸೆ ಒಲೆ ಆರಿಸಿದಳು, ನೀರಿನ ಲೋಟ ಒಳಗಿಟ್ಟಳು, ಬಾಗಿಲನ್ನು ಒಂದು ಗೇಣು ತೆರೆದು ಕೆಳಗಿನ ಮನೆಯವಳಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿ ಮುಚ್ಚಿದಳು. ಒಂದು ಚಮಚ ಕೂಡ ಸದ್ದು ಮಾಡಲಿಲ್ಲ.

ಅಜ್ಜಿ ಕದಲಲಿಲ್ಲ. ಅವಳ ಕಣ್ಣು ಅರೆ ಮುಚ್ಚಿತ್ತು.

"ಎಡಕ್ಕೆ," ಎಂದಳು. "ಮೆಟ್ಟಿಲ ಕೆಳಗೆ. ನೀರಲ್ಲಿ ನಡೆದು ಬಂದಿದಾನೆ, ಬೂಟು ಒದ್ದೆ. ಗುಬ್ಬಿ, ಎಡಕ್ಕೆ."

ಮೊಮ್ಮಗಳು ತಿರುಗಿದಳು.

ಅವರು ಎರಡನೆಯವರಾದರು. ಮೊದಲು ಬಂದವರು ಯಾವುದೋ ಊರಿನ ಅಣ್ಣ ತಮ್ಮ. "ಮುಂದಿನ ಸಲ ಅವರನ್ನ ನೋಡ್ಕೋತೀವಿ," ಎಂದಳು ಮೊಮ್ಮಗಳು, ಆಗಲೇ ಅದು ಆಗಿಹೋದ ವಿಷಯವೆಂಬಂತೆ. ಕೆಳಗಿನ ಮನೆಯವಳು ಮರುದಿನ ಬಂದು, ಮುಂದಿನ ಪಂದ್ಯಕ್ಕೆ ತನ್ನನ್ನು ಸೇರಿಸಿಕೊಳ್ಳುತ್ತೀಯಾ ಎಂದು ಕೇಳಿದಳು. "ನನಗೆ ಜೋಡಿ ಇದೆ," ಎಂಬ ಉತ್ತರ ಅಡುಗೆಮನೆಯವರೆಗೂ ಕೇಳಿಸಿತು. ಎರಡೂ ಕಿವಿ ತೆರೆದಿದ್ದ ಅಜ್ಜಿ ಏನೂ ಕೇಳದವಳಂತೆ ಆಲೂಗಡ್ಡೆ ಸುಲಿದಳು.

ಅದೇ ದಿನ ಬೆಳಿಗ್ಗೆ ಕೆಲಸದಿಂದ ಬಂದಾಗ ಮಗ ಕೇಳಿದ್ದಿಷ್ಟೇ: "ನಿನ್ನೆ ಪಂದ್ಯ ಇರ್ಲಿಲ್ವಾ? ಒಂದು ಸದ್ದೂ ಇಲ್ಲ." ಜೇಬಿನಿಂದ ಬನ್ನು ತೆಗೆದು ಮೇಜಿನ ಮೇಲಿಟ್ಟ. ಹೊಂಬಣ್ಣಕ್ಕೆ ಬೆಂದಿತ್ತು. ಅಜ್ಜಿ ಬೆರಳಿನಿಂದ ತಟ್ಟಿ ನೋಡಿ, ಅದನ್ನು ಸೊಸೆಯ ತಟ್ಟೆಗೆ ಹಾಕಿದಳು.

ಆ ಸಂಜೆ ಆಟವಿರಲಿಲ್ಲ. ಸೊಸೆ ಕೆಲಸದಿಂದ ಬಂದು, ಕೈಕಾಲು ತೊಳೆದು, ರೂಢಿಯಾದದ್ದರಿಂದ ಹೊಸ್ತಿಲ ಸ್ಟೂಲಿನ ಮೇಲೆ ಕೂತು ಬಟಾಣಿ ಮುಂದಿಟ್ಟುಕೊಂಡಳು. ಹಾಡಿನ ಗಂಟೆ ಶುರುವಾಗುವ ಹೊತ್ತಾಗಿತ್ತು. ಕಿಟಕಿಯ ರೇಡಿಯೋ ಮೇಲೆ ಧೂಳು ಕೂತಿತ್ತು. ಅಜ್ಜಿ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಆಟದ ಪೆಟ್ಟಿಗೆಯಲ್ಲಿ ಏನೇನೋ ಒತ್ತಿ, ಅದೇ ರೇಡಿಯೋ ಸ್ಟೇಷನ್ನನ್ನು ಹುಡುಕಿ ತಲೆಯಾಡಿಸಿದಳು.

ಅಜ್ಜಿ ಎದ್ದು ಬಂದು ಸೊಸೆಯ ಕೈಯಿಂದ ಬಟಾಣಿಯ ಬುಟ್ಟಿ ತೆಗೆದುಕೊಂಡಳು. "ಏಳು," ಎಂದು ತನ್ನ ಕುರ್ಚಿ ತೋರಿಸಿದಳು.

"ಯಾಕೆ ಅತ್ತೆ? ಒಲೆ ಮೇಲೆ..."

"ನಾನಿದೀನಿ."

ಸೊಸೆ ಕುರ್ಚಿಯ ತುದಿಯಲ್ಲಿ ಕೂತಳು. ಅಜ್ಜಿ ಹೆಡ್‌ಸೆಟ್ಟನ್ನು ಅವಳ ತಲೆಗಿಟ್ಟು, ಕಿವಿಯ ಹಿಂದೆ ಹೆಬ್ಬೆರಳು ತೂರಿಸಿ ಎಲ್ಲೂ ಒತ್ತುತ್ತಿಲ್ಲವೆಂದು ನೋಡಿದಳು. ಬಲಗಡೆಯದನ್ನು ಸರಿಮಾಡಿದಳು. ಎಡಗಡೆಯದನ್ನೂ ಸರಿಮಾಡಿದಳು. ಆಮೇಲೆ ಹೊಸ್ತಿಲಿಗೆ ಹೋಗಿ ಸ್ಟೂಲಿನ ಮೇಲೆ ಕೂತು, ತಲೆಯನ್ನು ತುಸು ವಾಲಿಸಿ, ಸದ್ದಾಗದಂತೆ ಬಟಾಣಿ ಬಿಡಿಸತೊಡಗಿದಳು.